ಮರಳಿಗೆ ಮರಳು ಹೊತ್ತ ಜೀಪು

ಇಂದ:
ತಮ್ಮ ಧರ್ಮಪತ್ನಿ,
ಅಡುಗೆಮನೆ ಮತ್ತು ಉಳಿದೆಲ್ಲ ವಿಭಾಗಗಳು,
ಇದೇ ಮನೆ.

ಗೆ:
ಮಾನ್ಯ ಯಜಮಾನರು,
ವರಾಂಡದ ಕುರ್ಚಿ,
ಇದೇ ಮನೆ.

ವಿಷಯ: ಮರಳಿನಲ್ಲಿ ಓಡಿಸಲೆಂದು ಎರಡು ವರ್ಷದಿಂದ ಸಿದ್ಧಪಡಿಸಲಾಗುತ್ತಿರುವ ಸಣ್ಣ ಜೀಪನ್ನು ಮರಳಿನಲ್ಲಿ ಓಡಿಸುವ ಬಗ್ಗೆ.

ಉಲ್ಲೇಖ: ೧. "ಬಾಯಲ್ಲಿ ಹೇಳ್ಬೇಡ, ಬರೆದು ಕೊಡು, ನೋಡೋಣ" ಎಂಬ ತಮ್ಮ ಮೌಖಿಕ ಆದೇಶ (ನಿನ್ನೆ, ಕಾಲ ಮೇಲೆ ಕಾಲು ಹಾಕಿಕೊಂಡು ಹೊರಡಿಸಿದ್ದು).
೨. ನನ್ನ ಅಮ್ಮನ ಫೋನು.

ಮಾನ್ಯರೇ,

ತಾವು ಕಚೇರಿಯಲ್ಲಿ ಶಾಖೆಯ ಮುಖ್ಯಸ್ಥರಾದ ದಿನದಿಂದ ಈ ಮನೆಯಲ್ಲೂ ಉಪ್ಪು ಮುಗಿದರೆ ಅರ್ಜಿ, ನಲ್ಲಿ ಸೋರಿದರೆ ಅರ್ಜಿ ಎಂಬ ಪದ್ಧತಿ ಜಾರಿಯಲ್ಲಿರುವ ಕಾರಣ, ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ನನ್ನ ಅಮ್ಮ ಇರುವುದು ಕಡಲ ದಂಡೆಯ ಮರಳು ದಿಬ್ಬಗಳ ಆಚೆ. ಅಲ್ಲಿಗೆ ಟಾರು ರಸ್ತೆ ಇಲ್ಲ. "ನಿಮ್ಮಮ್ಮನ್ನ ಯಾವಾಗ ಬೇಕಾದ್ರೂ ನೋಡಿ ಬರಬಹುದು ಕಣೇ" ಎಂದು ಹೇಳಿಯೇ ತಾವು ಈ ಜೀಪು ಕೊಂಡಿದ್ದು. ಆಮೇಲೆ ಅದು ಶೆಡ್ಡಿನಲ್ಲಿ ಸಿದ್ಧವಾಗುತ್ತಲೇ ಇತ್ತು. ಮದುಮಗಳು ಕೂಡ ಅಷ್ಟು ಹೊತ್ತು ಸಿಂಗಾರ ಮಾಡಿಕೊಳ್ಳುವುದಿಲ್ಲ.

೨. ಸಿದ್ಧತೆಯ ವಿವರ: ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಸಾಲು ದೀಪ, ಮುಂದೆ ಗೂಳಿ ಗುದ್ದಿದರೂ ಬಗ್ಗದ ಬಂಪರ್ (ನಮ್ಮ ಬೀದಿಯಲ್ಲಿ ಗೂಳಿ ಇಲ್ಲ), ಹಿಂದೆ ಹದ್ದಿನ ಚಿತ್ರ. ಇದಲ್ಲದೆ, ತಮ್ಮ ಸ್ನೇಹಿತರೂ ಜನ್ಮದಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಓಡಿಸದವರೂ ಆದ ಶ್ರೀ ತಜ್ಞರು "ಹಿಂದೆ ಭಾರ ಇದ್ರೆ ಚಕ್ರ ಹಿಡ್ಕೊಳ್ಳುತ್ತೆ" ಎಂದು ಅಪ್ಪಣೆ ಕೊಡಿಸಿದ ಮೇರೆಗೆ, ನಾಲ್ಕು ಮೂಟೆ ಮರಳು. ಮರಳುದಿಬ್ಬಕ್ಕೆ ಮನೆಯಿಂದ ಮರಳು ಹೊತ್ತುಕೊಂಡು ಹೋದ ಮಹಾನುಭಾವರು ಜಗತ್ತಿನಲ್ಲಿ ತಾವೊಬ್ಬರೇ ಇರಬೇಕು.

೩. ಕಳೆದ ತಿಂಗಳು ಅಲ್ಲಿನ ಆಸ್ಪತ್ರೆಯಲ್ಲಿ ಅಮ್ಮನ ಎಡಗಣ್ಣಿನ ಪೊರೆ ತೆಗೆದರು. ಎರಡೂ ಕಣ್ಣು ಮಂಜಾಗಿ, ಅವಳು ನನ್ನ ಮುಖವನ್ನು ಸರಿಯಾಗಿ ನೋಡಿ ವರ್ಷಗಳೇ ಆಗಿದ್ದವು. "ಪಟ್ಟಿ ಬಿಚ್ಚುವಾಗ ನೀನು ಎದುರಿಗಿರ್ಬೇಕು, ಮೊದ್ಲು ನಿನ್ನ ಮುಖಾನೇ ನೋಡ್ಬೇಕು" ಎಂದಿದ್ದಳು. ಆದಕಾರಣ ಹೊರಟೆವು.

೪. ಮರಳು ಶುರುವಾದ ಕಡೆ ನಾನು, "ರೀ, ಟೈರಿನ ಗಾಳಿ ಅರ್ಧ ಬಿಡಿ. ಟೈರು ಚಪ್ಪಟೆಯಾಗಿ ಅಗಲವಾದ್ರೆ ಹೂತ್ಕೊಳ್ಳಲ್ಲ. ನಮ್ಮೂರಲ್ಲಿ ಎಲ್ರೂ ಹಾಗೇ ಮಾಡೋದು" ಎಂದೆ. ತಾವು, "ಸುಮ್ನಿರೇ, ಗಾಳಿ ತುಂಬ್ಸೋಕೆ ತಾನೇ ಬೆಳಿಗ್ಗೆ ಬಂಕಿನಲ್ಲಿ ಕ್ಯೂ ನಿಂತಿದ್ದು?" ಎಂದಿರಿ. "ಹೋಗ್ಲಿ, ಆ ಸಣ್ಣ ಗೇರಾದ್ರೂ ಹಾಕಿ, ನಾಲ್ಕೂ ಚಕ್ರ ಎಳೀಲಿ" ಎಂದೆ. "ಸುಮ್ಸುಮ್ನೆ ಹಾಕಿದ್ರೆ ಸವೆಯುತ್ತೆ. ಬೇಕಾದಾಗ ಹಾಕೋಣ" ಎಂದಿರಿ. ಹಾಕಿದಿರಿ, ಜೀಪು ಹೊಟ್ಟೆಯವರೆಗೆ ಹೂತ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು! ನಾಲ್ಕೂ ಚಕ್ರಗಳು ಒಗ್ಗಟ್ಟಾಗಿ ಇನ್ನಷ್ಟು ಆಳಕ್ಕೆ ತೋಡಿದವು.

ಸಲಿಕೆಯನ್ನು ಕಳ್ಳರ ಭಯದಿಂದ ಕ್ಯಾರಿಯರಿಗೆ ಬೀಗ ಹಾಕಿ ಬಿಗಿಯಲಾಗಿತ್ತು. ಬೀಗದ ಕೈ ಮನೆಯಲ್ಲಿ ಟಿ.ವಿ. ಪಕ್ಕದಲ್ಲಿತ್ತು. ಆದ್ದರಿಂದ ಊಟದ ಡಬ್ಬಿಯ ಮುಚ್ಚಳ ಹಿಡಿದು ನಾನೇ ಮರಳು ತೋಡಿದೆ. ತಾವು ತಜ್ಞರಿಗೆ ಫೋನ್ ಹಚ್ಚಿ "ಇಲ್ಲಿನ ಮರಳೇ ಸರಿ ಇಲ್ಲ ಮಾರಾಯ" ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರು ಹೆಂಗಸಿನ ಮೇಲೆ ಯಾಕೆ ಹಾಕಿದರೋ, ನಾ ಕಾಣೆ.

೫. ಟ್ರಾಕ್ಟರ್ ಬಂದು ಎಳೆದದ್ದು ಮರುದಿನ. ಅಮ್ಮ ಹಿಂದಿನ ದಿನ ಸಂಜೆಯವರೆಗೂ "ತಡೀರಿ ಡಾಕ್ಟ್ರೇ, ನನ್ನ ಮಗಳು ದಾರೀಲಿದಾಳೆ" ಎಂದು ಪಟ್ಟಿ ಮುಟ್ಟಗೊಡಲಿಲ್ಲವಂತೆ. ಅವರಾದರೂ ಎಷ್ಟು ಹೊತ್ತು ಕಾದಾರು? ಬಿಚ್ಚಿದರು. ನಾನು ಹೋಗಿ ನಿಂತಾಗ ಅಮ್ಮ ಹೇಳಿದ್ದು ಇಷ್ಟೇ: "ಕಂಪೌಂಡರಿಗೆ ದೊಡ್ಡ ಮೀಸೆ ಇದೆ ಕಣೇ." ಹೇಳಿ ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ. ತಾವು ಹೊರಗೆ ಟ್ರಾಕ್ಟರಿನವನಿಗೆ ಹಗ್ಗ ಕಟ್ಟುವ ಸರಿಯಾದ ವಿಧಾನ ವಿವರಿಸುತ್ತಿದ್ದಿರಿ.

೬. ಈಗ ಬಲಗಣ್ಣಿನದೂ ಆಗಿದೆ. ಪಟ್ಟಿ ಬಿಚ್ಚುವುದು ಇವತ್ತು ಮಧ್ಯಾಹ್ನ. ತಾವು ನಿನ್ನೆ "ಗಾಡಿ ಇನ್ನೂ ರೆಡಿ ಇಲ್ಲ, ಮುಂದಿನ ವಾರ ಇನ್ನೆರಡು ದೀಪ ಬರುತ್ತೆ" ಎಂದು ಪ್ರಸ್ತಾವನೆಯನ್ನು ಮುಂದೂಡಿರುತ್ತೀರಿ. ದೇವರು ನನ್ನ ಅಮ್ಮನಿಗೆ ಮಂಜೂರು ಮಾಡಿರುವುದು ಎರಡೇ ಕಣ್ಣು. ಮೂರನೆಯದಕ್ಕೆ ಅವಕಾಶವಿಲ್ಲದ ಕಾರಣ ಈ ವಿಷಯವನ್ನು ಮುಂದಿನ ವಾರಕ್ಕೆ ಇಡಲು ಬರುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಲೂ, ಲೈಸೆನ್ಸು ತಮಗಿಂತ ಮೊದಲು ನನಗೇ ಸಿಕ್ಕಿರುವ ಕಾರಣದಿಂದಲೂ, ತಾವು ಗೊರಕೆಯಲ್ಲಿದ್ದಾಗ ಸದರಿ ಜೀಪನ್ನು ಅರ್ಜಿದಾರಳು ತೆಗೆದುಕೊಂಡು ಹೋಗಿರುತ್ತಾಳೆ. ಮೂಟೆ ಇಳಿಸಿದ್ದೇನೆ. ಕ್ಯಾರಿಯರ್ ಬಿಚ್ಚಿದ್ದೇನೆ. ಬಂಪರ್ ಜಪ್ಪಯ್ಯ ಅಂದರೂ ಬರಲಿಲ್ಲ, ಹಾಳಾಗಿ ಹೋಗಲಿ, ಇರಲಿ. ಗಾಳಿಯನ್ನು ಮರಳು ಸಿಕ್ಕ ಕಡೆ ಬಿಡುತ್ತೇನೆ; ವಾಪಸು ಬರುವಾಗ ತುಂಬಲು ಕಾಲು ಪಂಪು ಜೊತೆಗಿದೆ. ಈ ಸಲ ಅಮ್ಮ ಮೊದಲು ನೋಡುವುದು ನನ್ನ ಮೋರೆ. ಈ ಕ್ರಮಕ್ಕೆ ಘಟನೋತ್ತರ ಮಂಜೂರಾತಿ ನೀಡಬೇಕಾಗಿ ವಿನಂತಿ. ನೀಡದಿದ್ದರೂ ಜೀಪು ಆಗಲೇ ಹೋಗಿದೆ.

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿ,
(ಸಹಿ)
ಅಮ್ಮನ ಮಗಳು

ಲಗತ್ತುಗಳು:
೧. ಮರಳು, ನಾಲ್ಕು ಮೂಟೆ. ಬಾಗಿಲಿಗೆ ಅಡ್ಡ ಇವೆ, ನೋಡಿಕೊಂಡು ದಾಟಿ.
೨. ಕ್ಯಾರಿಯರ್, ದೀಪಗಳ ಸಮೇತ. ಬಟ್ಟೆ ಒಣಹಾಕಲು ಬರುತ್ತದೆ.
೩. ಸಲಿಕೆಯ ಬೀಗ ಮತ್ತು ಬೀಗದ ಕೈ. ಸಲಿಕೆ ನನ್ನ ಹತ್ತಿರ ಇದೆ.

ಪ್ರತಿ: ಶ್ರೀ ತಜ್ಞರಿಗೆ, ಮಾಹಿತಿಗಾಗಿ.

ವಿ.ಸೂ.: ತಿಂಡಿ ಮಾಡಿಟ್ಟಿಲ್ಲ. ಬೇಕಿದ್ದಲ್ಲಿ ಬರೆದು ಕೊಡಿ, ನೋಡೋಣ.