ಬೇರು ಬಿಡಲು ಮನಸ್ಸು ಮಾಡದ ರೋಸ್ಮರಿ ಕಡ್ಡಿಯವರಿಗೆ

ಮಾನ್ಯರೇ,

ಹೂಡಿ ಊರಿನ ನಮ್ಮ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ, ನಮ್ಮ ಮನೆಯ ಅತಿ ಒಳ್ಳೆಯ ಕುಂಡದಲ್ಲಿ ಮೂರು ವಾರದಿಂದ ಅತಿಥಿಯಾಗಿರುವ ತಮಗೆ ಪಿಳ್ಳಮ್ಮ ಮಾಡುವ ಅನಂತ ನಮಸ್ಕಾರಗಳು. ಒಡಹುಟ್ಟಿದ ಐವರು ಒಬ್ಬೊಬ್ಬರಾಗಿ ಕಪ್ಪಾಗಿ ತೀರಿಕೊಂಡ ಮೇಲೂ ತಾವೊಬ್ಬರು ಹಸಿರಾಗಿ ನಿಂತಿರುವ ದೊಡ್ಡತನವನ್ನು ಏನೆಂದು ಹೊಗಳಲಿ!

ಹೆರಿಗೆಯಾದ ಮೇಲೆ ಸೊಸೆ ಲಾವಣ್ಯಳ ಕೂದಲು ಉದುರುತ್ತಿದೆ, ತಮ್ಮನ್ನು ಕುದಿಸಿದ ನೀರು ಹಚ್ಚಿದರೆ ನಿಲ್ಲುತ್ತದೆ ಎಂದು ಅವಳ ತಾಯಿ, ದಾವಣಗೆರೆ ಕಡೆಯ ನಮ್ಮ ಬೀಗಿತ್ತಿ ಹೇಮಲತಾ, ಅವರ ಮನೆಯ ಗಿಡದಿಂದ ಆರು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. "ಏನೂ ಮಾಡಬ್ಯಾಡ್ರಿ, ಸುಮ್ನ ಬಿಟ್ಟುಬಿಡ್ರಿ ಸಾಕು" ಎಂದು ಬುದ್ಧಿಯನ್ನೂ ಹೇಳಿದರು. ಯಾರಿಗೆ? ನನಗೆ! ಈ ಊರು ಬರೀ ತೋಟವಾಗಿದ್ದಾಗ ಯಾರು ಕನಕಾಂಬರ ನೆಡಬೇಕಾದರೂ, ಪಿಳ್ಳಮ್ಮನ ಕೈಗುಣ ಒಳ್ಳೆಯದು ಎಂದು ನನ್ನನ್ನೇ ಕರೆಯುತ್ತಿದ್ದರು. ಆ ತೋಟಗಳ ಮೇಲೆ ಈಗ ಗಾಜಿನ ಕಟ್ಟಡಗಳು ಎದ್ದಿರಬಹುದು, ಕೈಗಳು ನನ್ನ ಹತ್ತಿರವೇ ಇವೆ.

ಆದ್ದರಿಂದ ಉಪಚಾರದಲ್ಲಿ ಕೊರತೆ ಮಾಡಲಿಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಬೇಳೆ ತೊಳೆದ ನೀರು, ಸಂಜೆ ಬಾಯಾರಿರಬಹುದೆಂದು ಬರೀ ನೀರು. ಹೋಗುತ್ತಾ ಬರುತ್ತಾ, ಬೇರು ಬಂತೇ ಎಂದು ಮೆಲ್ಲಗೆ ಎತ್ತಿ ನೋಡಿ, ಅಷ್ಟೇ ಗೌರವದಿಂದ ಮತ್ತೆ ಊರಿದ್ದೇನೆ. "ಇಂಗೆ ದಿನಾ ಕಿತ್ತು ನೋಡುದ್ರೆ ಅದು ಎಂಗೇ ಬೇರು ಬುಡ್ತದೆ?" ಎಂದು ನಮ್ಮ ಯಜಮಾನರು ಚಿನ್ನಪ್ಪನವರು ಗದರಿದ್ದು ತಮ್ಮ ಕಿವಿಗೂ ಬಿದ್ದಿರಬೇಕು. ಜನ್ಮದಲ್ಲಿ ಒಂದು ತುಳಸಿಗೂ ನೀರು ಹಾಕದವರ ಮಾತು, ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕಲ್ಲುಗುಡ್ಡದ ಮೇಲೆ, ಕೇಳುವವರಿಲ್ಲದೆ ಬೆಳೆಯುವ ಮನೆತನ ತಮ್ಮದಂತೆ. ಅಂಥ ದೊಡ್ಡವರಿಗೆ ನಮ್ಮಂಥ ಬಡವರ ಪ್ರೀತಿ ಅಜೀರ್ಣವಾದರೆ ಅದು ನನ್ನದೇ ತಪ್ಪು.

ಬಿನ್ನಹ ಇಷ್ಟೇ. ಭಾನುವಾರ ಹೇಮಲತಾ ಮೊಮ್ಮಗುವನ್ನು ನೋಡಲೆಂದು ಬಂದು, ಮೊದಲು ಬಾಲ್ಕನಿಗೇ ಹೋಗುತ್ತಾರೆ. ಅಷ್ಟರೊಳಗೆ ತಾವು ಬೇರು ಬಿಟ್ಟು, ಕವಲೊಡೆದು, ಸಾಧ್ಯವಾದರೆ ತೀರಿಹೋದ ಐವರ ಜಾಗವನ್ನೂ ತುಂಬಿ, ನನ್ನ ಕೈಯ ಹೆಸರು ಉಳಿಸಿಕೊಡಬೇಕು. ಸೋಮವಾರದಿಂದ ತಮ್ಮಿಷ್ಟ.

ಇನ್ನು ಮೇಲೆ ತಮ್ಮನ್ನು ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡುವ,
ತಮ್ಮ ವಿಶ್ವಾಸಿ,
ಪಿಳ್ಳಮ್ಮ

ಬರೆಯಲು ಮರೆತದ್ದು: ಸಹಿ ಹಾಕಿದ ಮೇಲೆ, ಇನ್ನೊಂದೇ ಸಲ ಎಂದು ಎತ್ತಿ ನೋಡಿದೆ. ಅಕ್ಕಿನುಚ್ಚಿನಷ್ಟು ಬಿಳೀ ಬೇರು ಬಂದಿತ್ತು, ಅಭಿನಂದನೆಗಳು. ಅದೀಗ ಮುರಿದು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿದೆ. ಭಾನುವಾರ ಬೀಗಿತ್ತಿಗೆ ಕುಂಡದ ಬದಲು ಇದನ್ನೇ ತೋರಿಸುತ್ತೇನೆ.