ಎಳೆಯೋ ಇಳಿಯೋ

ತರಕಾರಿ ಅಂಗಡಿಯಲ್ಲಿ ಜಗಳವಾಡುವಷ್ಟು ತಮಿಳು ಬಂದರೆ ಚೆನ್ನೈಯಲ್ಲಿ ಬದುಕಬಹುದು ಎಂದು ನಂಬಿದವನು ನಾನು. ಬದುಕಬಹುದು, ಸುಳ್ಳಲ್ಲ. ಆದರೆ ಇನ್ನೊಬ್ಬರ ಜೀವ ನಮ್ಮ ಕೈಯಲ್ಲಿದ್ದಾಗ ಅಷ್ಟು ತಮಿಳು ಸಾಲದು. ಇದು ನನ್ನ ತಲೆಗೆ ಹೋಗುವ ಹೊತ್ತಿಗೆ ರಾಯರ ಬಲಗಾಲು ಹೋಗಿತ್ತು.

ಗುರುರಾಜ ರಾಯರು ವೆಸ್ಟ್ ಮಾಂಬಲಂನಲ್ಲಿ ನಮ್ಮ ಎದುರು ಫ್ಲ್ಯಾಟಿನವರು. ತಾತನ ಕಾಲದಿಂದ ಇಲ್ಲೇ ಇರುವ ಮಾಧ್ವರ ಮನೆ. ಅವರ ಕನ್ನಡ ಅರ್ಧ ದಾರಿಯಲ್ಲಿ ತಮಿಳಿಗೆ ಹೊರಳಿ, ನೆನಪಾದಾಗ ವಾಪಸು ಬರುತ್ತದೆ. ವಾರವೆಲ್ಲ ಆಫೀಸಿನಲ್ಲಿ ತಲೆ ಬಗ್ಗಿಸಿ ಕೂರುವ ಈ ಮನುಷ್ಯ ಭಾನುವಾರ ಬಂತೆಂದರೆ ಪಲ್ಲಾವರಂ ಆಚೆಯ ಪಾಳು ಕಲ್ಲುಗಣಿಯ ಗುಡ್ಡಕ್ಕೆ ಮೋಟಾರ್ ಸೈಕಲ್ ಹತ್ತಿಸುತ್ತಿದ್ದರು. ಅಲ್ಲೊಂದು ಕ್ಲಬ್ಬು, ಅದಕ್ಕೊಂದು ಮಣ್ಣಿನ ಜಾಡು. ಓಡುವ ಪ್ರತಿ ಗಾಡಿಗೂ ಕ್ಲಬ್ಬಿನ ಲೈಸೆನ್ಸ್ ಬೇಕು; ಅದರ ಫೀಸಿನಲ್ಲಿ ಜಾಡಿನ ರಿಪೇರಿ, ಅಪಾಯವಿದ್ದ ಕಡೆ ಬೇಲಿ ಎಂಬುದು ನಿಯಮ. ಗಾಡಿಯೇ ಇಲ್ಲದವನು ಪಕ್ಷಪಾತ ಮಾಡಲಾರ ಎಂದು ನನ್ನನ್ನೂ ಸಮಿತಿಗೆ ಎಳೆದುಕೊಂಡಿದ್ದರು. ಜಾಡಿನ ಪಕ್ಕದ ಕೊರಕಲಿನ ಅಂಚು ಕುಸಿಯುತ್ತಿದೆ, ಮೊದಲು ಬೇಲಿ ಹಾಕಿ ಎಂದು ರಾಯರು ಪ್ರತಿ ಮೀಟಿಂಗಿನಲ್ಲೂ ಗೋಗರೆದರು. ಸಮಿತಿ ಮಾಡಿಸಿದ್ದು ಬಾಗಿಲಿಗೊಂದು ಕಮಾನು, ಎಲ್ಲರಿಗೂ ಟೀ ಶರ್ಟು. ನನ್ನದು ಸ್ವಲ್ಪ ಬಿಗಿ.

ಅಂಚು ಕುಸಿದದ್ದು ರಾಯರ ಗಾಡಿಯ ಕೆಳಗೇ. ಕೊರಕಲಿನ ಇಳಿಜಾರಿನಲ್ಲಿ ಅವರು, ಅವರ ಕಾಲ ಮೇಲೆ ಗಾಡಿ. ಹತ್ತಿರವಿದ್ದವನು ನಾನೊಬ್ಬನೇ. ಹಗ್ಗ ಎಸೆದೆ, ಮಲಗಿದಲ್ಲಿಂದಲೇ ಅದನ್ನು ಹ್ಯಾಂಡಲ್ಲಿಗೆ ಕಟ್ಟಿದರು. ನಾನು ಮೇಲೆ ಬಿಗಿಯಾಗಿ ಹಿಡಿದು ನಿಂತೆ. ಆಗ ಅವರು "ಇಳು, ಇಳು" ಎಂದು ಕೂಗಿದರು.

ತಮಿಳಿನ ‘ಇಳು’ ನಮ್ಮ ‘ಎಳೆ’. ನನ್ನ ಕಿವಿಗೆ ಬಿದ್ದದ್ದು ‘ಇಳಿ’. ಯಾರಿಗೂ ಏಕವಚನ ಬಳಸದವರು ಎಂದಿನಂತೆ ‘ಇಳುಂಗೋ’ ಎಂದಿದ್ದರೆ ಅದು ತಮಿಳು ಎಂಬುದಾದರೂ ಹೊಳೆಯುತ್ತಿತ್ತು. ಪ್ರಾಣ ಹೋಗುವಾಗ ಮರ್ಯಾದೆ ಯಾರಿಗೆ ನೆನಪಿರುತ್ತದೆ? ನಾನು ಹಗ್ಗ ಬಿಟ್ಟು ವಿಧೇಯನಾಗಿ ಇಳಿಯತೊಡಗಿದೆ. ಗಾಡಿ ಅವರನ್ನೂ ಎಳೆದುಕೊಂಡು ನನಗಿಂತ ಮೊದಲು ತಳ ಸೇರಿತು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಎಚ್ಚರವಾದಾಗ ಅವರು ಬೈಯಲಿಲ್ಲ. "ನಾನು ‘ಇಳು’ನ್ನು ತಾನೇ ರೀ ಹೇಳಿದ್ದು" ಎಂದರು, ನನ್ನ ಹತ್ತಿರ ವ್ಯಾಕರಣ ಕೇಳುವವರಂತೆ. ನಾನು ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ. ನೀರು ಪೋಲಾಗುತ್ತಿದೆ ಎಂದು ಹೆಂಡತಿ ಬಾಗಿಲು ತಟ್ಟಿದಳು.

ಈಗ ಫೀಸು ಸರಿಯಾಗಿ ಖರ್ಚಾಗುತ್ತಿದೆ. ಕೊರಕಲಿಗೆ ಕಬ್ಬಿಣದ ಬೇಲಿ ಬಂದಿದೆ. ಭಾಷೆಯ ತಂಟೆಯೇ ಬೇಡವೆಂದು ಲೈಸೆನ್ಸಿನ ಜೊತೆ ಒಂದೊಂದು ಸೀಟಿ ಕೊಡುತ್ತಾರೆ: ಒಮ್ಮೆ ಊದಿದರೆ ಎಳೆಯಬೇಕು, ಎರಡು ಸಲ ಊದಿದರೆ ನಿಲ್ಲಿಸಬೇಕು. ಲೈಸೆನ್ಸ್ ಇನ್ನು ಬೇಕಿಲ್ಲದ ರಾಯರಿಗೂ ಒಂದು ಸೀಟಿ ಕೊಟ್ಟು ಗೌರವಿಸಲಾಯಿತು. ಕೊಟ್ಟವನು ನಾನೇ.

ಕಳೆದ ಭಾನುವಾರ ರಾಯರು ಕಾಫಿಗೆ ಬಂದಿದ್ದರು. ನಮ್ಮ ಸೋಫಾ ತಗ್ಗು. ಹೊಸ ಕಾಲಿನಲ್ಲಿ ಏಳಲಾಗಲಿಲ್ಲ. ನಾನು ಕೈ ಕೊಟ್ಟೆ. ಅವರು ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ, ಇನ್ನೊಂದು ಕೈಯಲ್ಲಿ ಜೇಬು ತಡಕಿ ಸೀಟಿ ತೆಗೆದು ಒಮ್ಮೆ ಊದಿದರು.

ನಾನು ಎಳೆದೆ.