ಮಂಚದ ಕೆಳಗಿನ ನಾಲ್ಕು ಗಡಿಗೆ

ಎಫ್ರೇಮ್ ಊರಿನ ಚರ್ಚಿನ ಭಾನುವಾರದ ಪಾಠದಲ್ಲಿ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಡ್ವೇನ್ ಓಲ್ಸನ್ ಪಾಠ ಹೇಳಲು ಒಪ್ಪಿಕೊಂಡದ್ದೇ ಆ ಧೈರ್ಯದ ಮೇಲೆ. ಟರ್ಕಿ ಕೋಳಿ ಸಾಕುವುದು ಅವನ ಕಸುಬು. ಎಂಟು ಸಾವಿರ ಕೋಳಿಗಳನ್ನು ಒಂದೇ ಗದರಿಕೆಯಲ್ಲಿ ಸುಮ್ಮನಾಗಿಸಬಲ್ಲವನು, ನಲವತ್ತು ಮನುಷ್ಯರ ಮುಂದೆ ನಿಂತರೆ ಒದ್ದೆ ಕಾಗದದಂತೆ ಮೆತ್ತಗಾಗುತ್ತಿದ್ದ.

ಅವತ್ತಿನ ಪಾಠ ಅಬ್ರಹಾಮನ ಗ್ರಂಥ. ಹೆಚ್ಚುಕಡಿಮೆ ಇನ್ನೂರು ವರ್ಷದ ಹಿಂದೆ ಆ ಚರ್ಚಿನ ಪ್ರವಾದಿ ಈಜಿಪ್ಟಿನ ಹಳೆಯ ಸುರುಳಿಯೊಂದನ್ನು ಓದಿ ಬರೆಸಿದ್ದು ಎಂದು ಅವರ ನಂಬಿಕೆ. ಅದರಲ್ಲೊಂದು ಈಜಿಪ್ಟಿನ ಹಳೆಯ ಚಿತ್ರ. ಸಿಂಹದ ಆಕಾರದ ಮಂಚದ ಮೇಲೆ ಒಬ್ಬ ಮಲಗಿದ್ದಾನೆ, ಪಕ್ಕದಲ್ಲೊಬ್ಬ ನಿಂತಿದ್ದಾನೆ, ಮೇಲೊಂದು ಹಕ್ಕಿ, ಮಂಚದ ಕೆಳಗೆ ನಾಲ್ಕು ಗಡಿಗೆ. ಮಲಗಿದವನು ಅಬ್ರಹಾಮ, ನಿಂತವನು ಬಲಿ ಕೊಡಲು ಬಂದ ಪೂಜಾರಿ, ಹಕ್ಕಿ ದೇವದೂತ, ಗಡಿಗೆಗಳು ಆ ಪೂಜಾರಿಯ ದೇವರುಗಳು ಎಂದು ಅಲ್ಲೇ ಅಚ್ಚಾಗಿದ್ದ ವಿವರಣೆಯನ್ನು ಓದಿ ಡ್ವೇನ್ ಪುಟ ತಿರುಗಿಸುವಷ್ಟರಲ್ಲಿ ಲರೂ ನೀಲ್ಸನ್ ಕೈ ಎತ್ತಿದರು. ಶಾಲೆಯ ಗ್ರಂಥಾಲಯ ನೋಡಿಕೊಂಡು ನಿವೃತ್ತರಾದ ಹೆಂಗಸು. ಓದದೇ ಬಿಟ್ಟ ಪುಸ್ತಕವಿಲ್ಲ.

"ಬ್ರದರ್ ಓಲ್ಸನ್, ಆ ಲಿಪಿ ಕಲಿತೋರು ಬೇರೆ ಹೇಳ್ತಾರಲ್ಲ? ಮಲಗಿರೋನು ಅವರ ಸತ್ತ ದೇವರು ಒಸೈರಿಸ್, ನಿಂತಿರೋನು ನರಿ ಮುಖದ ದೇವರು, ಹಕ್ಕಿ ಅಂದ್ರೆ ಆತ್ಮ, ಗಡಿಗೆಯೊಳಗೆ ಹೆಣದ ಕರುಳು ಅಂತ. ನಾನೂ ನಂಬೋಳೇ. ಆದ್ರೆ ಇದ್ರಲ್ಲಿ ಯಾವ್ದು ಸರಿ?"

"ಒಳ್ಳೆ ಪ್ರಶ್ನೆ" ಎಂದುಬಿಟ್ಟ ಡ್ವೇನ್. ಅಲ್ಲಿಗೆ ಕೆಟ್ಟಿತು.

"ಎಲ್ಲಿ ಒಳ್ಳೇದು?" ಎಂದು ವರ್ಲ್ ಆಲ್ರೆಡ್ ಎದ್ದು ನಿಂತರು. ಮೂವತ್ತು ವರ್ಷ ಹುಡುಗರಿಗೆ ಧರ್ಮಪಾಠ ಹೇಳಿದ ಗಂಟಲು ಅದು. "ನಮ್ಮ ಪ್ರವಾದಿ ಹತ್ರ ಇದ್ದ ಸುರುಳಿ ಎಷ್ಟು ಉದ್ದ ಇತ್ತೋ ಯಾರಿಗೆ ಗೊತ್ತು? ಈಗ ಸಿಕ್ಕಿರೋದು ನಾಲ್ಕು ಚೂರು. ಉಳಿದದ್ದು ಬೆಂಕಿಗೆ ಹೋಯ್ತು. ಎಂಜಲು ತಟ್ಟೆ ನೋಡಿ ಊಟಕ್ಕೇನೇನಿತ್ತು ಅಂತ ಹೇಳ್ತಾರಂತಾ ಇವರು!"

"ಆ ಚೂರಲ್ಲಿ ಈ ಚಿತ್ರಾನೂ ಇದೆಯಲ್ಲ ಬ್ರದರ್ ಆಲ್ರೆಡ್. ಅದ್ರಲ್ಲಿ ನಿಂತಿರೋನ ತಲೆನೇ ಹರಿದುಹೋಗಿದೆ. ಪುಸ್ತಕದಲ್ಲಿ ಅವನಿಗೆ ತಲೆ ಎಲ್ಲಿಂದ ಬಂತು?"

"ಹರಿಯೋ ಮುಂಚೆ ನೋಡಿದೋರು ಬರೆದಿರ್ತಾರೆ!"

ಬೇರೆ ಯಾರಾದರೂ ಆಗಿದ್ದರೆ ಡ್ವೇನ್ ಪ್ರಾರ್ಥನೆ ಹೇಳಿ ಮುಗಿಸಿಬಿಡುತ್ತಿದ್ದ. ಆದರೆ ಬರುವ ಶುಕ್ರವಾರ ವರ್ಲ್ ಮಗನಿಗೂ ಲರೂ ಮಗಳಿಗೂ ಮದುವೆ. ಸಂಬಂಧ ಕುದುರಿಸಿದವನು ಡ್ವೇನ್. ಈಗ ಬೀಗರಿಬ್ಬರೂ ಅವನ ಕಣ್ಣೆದುರೇ ಕೊಂಬು ತಗ್ಗಿಸಿ ನಿಂತಿದ್ದರು.

"ಪ್ರಶ್ನೆ ಕೇಳೋದೇ ತಪ್ಪು ಅನ್ನೋ ಮನೆಗೆ ನನ್ನ ಮಗಳು ಹೋಗ್ಬೇಕಾ?"

"ಉತ್ತರ ಬಚ್ಚಿಟ್ಕೊಂಡು ಪ್ರಶ್ನೆ ಕೇಳೋ ಮನೆಯಿಂದ ನಂಗೆ ಸೊಸೆ ಬರ್ಬೇಕಾ?"

"ನಂಗೊಬ್ರು ಡಾಕ್ಟರ್ ಗೊತ್ತು!" ಡ್ವೇನ್ ಕೂಗಿದ. "ಈಜಿಪ್ಟಿನೋರೇ!"

"ಇವತ್ತೇ ಕರ್ಸಿ" ಎಂದರು ಬೀಗರು ಒಟ್ಟಿಗೆ. ಅವತ್ತು ಅವರು ಒಪ್ಪಿದ ಮೊದಲ ಮಾತು ಅದು.

ಮನೆಗೆ ಬಂದು ಹೇಳಿದಾಗ ಹೆಂಡತಿ ಮರ್ಲೀನ್ ಹಣೆ ಚಚ್ಚಿಕೊಂಡಳು. "ಶನೂದಾ ಅವ್ರಾ? ಅವ್ರು ಕೋಳಿ ಡಾಕ್ಟರಲ್ವೇನ್ರಿ!"

"ಹುಟ್ಟಿದ್ದು ಕೈರೋದಲ್ಲಿ ಕಣೇ. ಅಷ್ಟೂ ಗೊತ್ತಿರಲ್ವಾ?"

"ನೀವು ಹುಟ್ಟಿದ್ದು ಇಲ್ಲೇ. ಇಲ್ಲಿನ ಬಂಡೆ ಮೇಲಿರೋ ಹಳೇ ಗೀಟು ಓದ್ತೀರಾ?"

ಡ್ವೇನ್ ಡಾಕ್ಟರಿಗೆ ಫೋನ್ ಮಾಡಿದ. ವಿಷಯ ಬಿಡಿಸಿ ಹೇಳಲು ನಾಲಿಗೆ ಏಳಲಿಲ್ಲ. "ಒಂದು ಹಕ್ಕಿ ವಿಚಾರ ಡಾಕ್ಟ್ರೇ, ಸ್ವಲ್ಪ ಅರ್ಜೆಂಟು" ಎಂದ.

ನಾಲ್ಕು ಗಂಟೆಗೆ ಡಾಕ್ಟರ್ ಶನೂದಾ ಚೀಲ ಹಿಡಿದು ಬಂದಾಗ ವರ್ಲ್ ಮತ್ತು ಲರೂ ಸೋಫಾದ ಎರಡು ತುದಿಗೆ ಹಸಿರು ಜೆಲ್ಲಿಯ ಬಟ್ಟಲು ಹಿಡಿದು ಕೂತಿದ್ದರು. ದಾರಿಯ ಆಯಾಸಕ್ಕೆ ಡಾಕ್ಟರು ಒಂದು ಕಾಫಿ ಕೇಳಿದರು. ಆ ಚರ್ಚಿನವರಿಗೆ ಕಾಫಿ ನಿಷಿದ್ಧ; ಅದು ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಮರ್ಲೀನ್ ಅವರಿಗೂ ಜೆಲ್ಲಿಯನ್ನೇ ಕೊಟ್ಟಳು.

"ಎಲ್ಲಿ ಹಕ್ಕಿ?"

ಡ್ವೇನ್ ಪುಸ್ತಕ ಬಿಚ್ಚಿ ಬೆರಳಿಟ್ಟ. ಡಾಕ್ಟರು ಅಭ್ಯಾಸಬಲದಿಂದ ಕನ್ನಡಕ ಏರಿಸಿದರು. "ಎಷ್ಟು ದಿನದಿಂದ ಹೀಗಿದೆ?"

"ನಾಲ್ಕು ಸಾವಿರ ವರ್ಷ" ಎಂದರು ವರ್ಲ್.

"ಎರಡು ಸಾವಿರ" ಎಂದರು ಲರೂ.

ಡಾಕ್ಟರು ಕನ್ನಡಕ ತೆಗೆದರು. "ಓಲ್ಸನ್ ಅವರೇ, ಭಾನುವಾರ ಊಟದಿಂದ ಎಬ್ಬಿಸಿ ಚಿತ್ರ ತೋರಿಸ್ತಿದ್ದೀರಾ? ನಂಗೆ ಕೋಳಿ ಕಾಯಿಲೆ ಗೊತ್ತು. ಇದನ್ನ ಓದೋಕೆ ನಮ್ಮ ತಾತನಿಗೂ ಬರ್ತಿರ್ಲಿಲ್ಲ."

"ಕೋಳಿ ಡಾಕ್ಟರಾ?" ವರ್ಲ್ ಜೆಲ್ಲಿ ಚಮಚ ಕೆಳಗಿಟ್ಟರು. ಲರೂ ಕೈಚೀಲ ಎತ್ತಿಕೊಂಡರು.

ಉಳಿದ ಮಾನ ಉಳಿಸಿಕೊಳ್ಳಲು ಡ್ವೇನ್ ಹೇಳಿದ: "ಹೇಗೂ ಬಂದಿದ್ದೀರಿ ಡಾಕ್ಟ್ರೇ, ಒಂದ್ಸಲ ಕೋಳಿನೇ ನೋಡ್ಬಿಡಿ."

ಬಂದವರು ನಿಜವಾಗಿ ಡಾಕ್ಟರೇ ಎಂದಾದರೂ ಸಾಬೀತು ಮಾಡಲೆಂದು ಬೀಗರನ್ನೂ ಕೋಳಿ ಶೆಡ್ಡಿಗೆ ಕರೆದೊಯ್ದ. ಅವರು ನರಿ ಮುಖದ ವಿಚಾರವಾಗಿ ಜಗಳಾಡುತ್ತಲೇ ಹಿಂದೆ ನಡೆದರು. ಮೂಲೆಯಲ್ಲಿ ಏಳೆಂಟು ಕೋಳಿ ಕತ್ತು ಇಳಿಬಿಟ್ಟು ನಿಂತಿದ್ದವು. ಬೆಳಗ್ಗೆ ಪಾಠದ ಗಾಬರಿಯಲ್ಲಿ ಡ್ವೇನ್ ಅವನ್ನು ಗಮನಿಸಿರಲೇ ಇಲ್ಲ. ಡಾಕ್ಟರ ಮುಖ ಬದಲಾಯಿತು.

"ಎಲ್ರೂ ಹೊರಗೆ! ಹಕ್ಕಿಜ್ವರ ಇರ್ಬಹುದು. ಪರೀಕ್ಷೆ ಆಗೋವರೆಗೆ ಈ ಮನೆಯಿಂದ ಒಂದು ಗಾಡಿ, ಒಬ್ಬ ಮನುಷ್ಯ ಆಚೆ ಹೋಗೋ ಹಾಗಿಲ್ಲ. ನಾನೂ ಸೇರಿ."

"ಯಾವಾಗ ಗೊತ್ತಾಗುತ್ತೆ?" ಡ್ವೇನ್ ಕೇಳಿದ. ಎಂಟು ಸಾವಿರ ಜೀವ.

"ಗುರುವಾರ."

ಪರೀಕ್ಷೆಗೆಂದು ಕೋಳಿಗಳಿಂದ ತೆಗೆದ ಮಾದರಿಯ ಡಬ್ಬವನ್ನು ಗೇಟಿನಾಚೆಯಿಂದಲೇ ಯಾರೋ ಬಂದು ಒಯ್ದರು. ಬೀಗರು ಮತ್ತೆ ಸೋಫಾದ ಎರಡು ತುದಿ ಹಿಡಿದರು. ಡಾಕ್ಟರಿಗೆ ಮಾಡಲು ಕೆಲಸವಿರಲಿಲ್ಲ. ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

"ತಪ್ಪು" ಎಂದರು ಕೊನೆಗೆ. "ಇದು ದೇವದೂತನೂ ಅಲ್ಲ, ಆತ್ಮಾನೂ ಅಲ್ಲ. ರೆಕ್ಕೆ ನೋಡಿ, ಇದು ಗಿಡುಗ."

"ನಿಮಗೇನ್ರೀ ಗೊತ್ತು ಧರ್ಮ?" ಎಂದು ವರ್ಲ್ ಎದ್ದರು.

"ನಿಮಗೇನ್ರೀ ಗೊತ್ತು ಲಿಪಿ?" ಎಂದು ಲರೂ ಬಂದು ವರ್ಲ್ ಪಕ್ಕದಲ್ಲೇ ನಿಂತರು.

ಡ್ವೇನನ ಎದೆ ಹಗುರಾಯಿತು. ಬೀಗರು ಒಂದಾದರು, ಮದುವೆ ಉಳಿಯಿತು!

"ಹಕ್ಕಿ ಅಂದ್ರೆ ನಂಗೆ ಗೊತ್ತಿಲ್ವಾ?" ಡಾಕ್ಟರೂ ಬಿಡಲಿಲ್ಲ. "ಓಲ್ಸನ್ ಅವರು ಹುಟ್ಟಿದಾಗಿಂದ ಹಕ್ಕಿ ಸಾಕಿದೋರು. ಅವರೇ ತೀರ್ಪು ಹೇಳ್ಲಿ."

ಮೂವರೂ ಅವನತ್ತ ತಿರುಗಿದರು. ಡ್ವೇನ್ ಮೆಲ್ಲಗೆ ಶೆಡ್ಡಿಗೆ ಹೋಗುವ ಹಿಂಬಾಗಿಲ ಕಡೆ ಸರಿದ.

"ಅಲ್ಲಿಗೆ ಹೋಗೋ ಹಾಗಿಲ್ಲ. ಬೀಗ ಹಾಕಿದ್ದೀನಿ" ಎಂದರು ಡಾಕ್ಟರು.

ಆಗ ಮರ್ಲೀನ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಎಲ್ಲಿ, ನಂಗೂ ಸ್ವಲ್ಪ ಕೊಡಿ" ಎಂದು ಪುಸ್ತಕ ಇಸಿದುಕೊಂಡು ದೀಪಕ್ಕೆ ಹಿಡಿದಳು. "ಅಯ್ಯೋ, ಗಿಡುಗ ಎಲ್ಲಿಂದ ಬಂತು? ಇದು ನಮ್ಮ ಟರ್ಕಿ ಅಲ್ವೇನ್ರೀ?"